ನೀಲಾಂಬಿಕೆ ಸುತ್ತಿದ ನಾಲ್ಕು ಸುತ್ತು

ಹಾಸನದಲ್ಲಿ ಮೂವತ್ತೊಂದು ವರ್ಷ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಹೆಸರು ಮೋಹನ್‌ಕುಮಾರ್. ನಿವೃತ್ತನಾದ ಮೇಲೆ ಸಿಟ್ಟು ಇಳಿಯುತ್ತದೆ ಅಂತ ಮನೆಯವರು ಕಾದರು, ಇಳಿಯಲಿಲ್ಲ. ನನಗೆ ಇರುವ ಒಂದೇ ಒಂದು ಚಟ ಹವ್ಯಾಸಿ ರೇಡಿಯೊ. ಅಂದರೆ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮನೆಯಲ್ಲೇ ರೇಡಿಯೊ ಇಟ್ಟುಕೊಂಡು, ಮುಖ ಪರಿಚಯವಿಲ್ಲದ ಜನರ ಜೊತೆ ಗಾಳಿಯಲ್ಲಿ ಮಾತಾಡುವುದು. ‘ಮೊಬೈಲ್ ಇದೆಯಲ್ಲ ಸಾರ್, ಇದ್ಯಾಕೆ’ ಅಂತ ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಬೀದಿ ತುಂಬ ಹೋಟೆಲಿದ್ದರೂ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೇನು?

ಆದರೆ ನಾನು ಬರೆಯಲು ಹೊರಟಿರುವುದು ನನ್ನ ಬಗ್ಗೆ ಅಲ್ಲ, ಹೊಳೆನರಸೀಪುರದ ನೀಲಾಂಬಿಕೆಯ ಬಗ್ಗೆ. ಆಕೆಯ ಗಂಡ ಪರಮೇಶ್ ನನ್ನ ಹಳೆಯ ವಿದ್ಯಾರ್ಥಿ. ಪಿಯುಸಿಯಲ್ಲಿ ನನ್ನದೇ ವಿಷಯದಲ್ಲಿ ಎರಡು ಸಲ ಫೇಲಾದವನು. ಆಮೇಲೆ ಹಾಸನ ರಸ್ತೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಹಾಕಿದ. ತೋಟದ ಪಂಪ್‌ಸೆಟ್ ಸುಟ್ಟುಹೋದರೆ ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ನನ್ನ ಸಹವಾಸದಿಂದ ಅವನಿಗೂ ರೇಡಿಯೊ ಹುಚ್ಚು ಹತ್ತಿ, ಫೇಲಾಗದೆ ಒಂದೇ ಸಲಕ್ಕೆ ಆ ಪರೀಕ್ಷೆ ಪಾಸು ಮಾಡಿದ. ಪಿಯುಸಿಯಲ್ಲಿ ಯಾಕೆ ಹಾಗೆ ಓದಲಿಲ್ಲ ಅಂತ ಈಗಲೂ ಬೈಯುತ್ತೇನೆ. ಅವನು ನಗುತ್ತಾನೆ.

ಪರಮೇಶನ ವೈಂಡಿಂಗ್ ಅಂದರೆ ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಹೆಸರು. ಬಸ್ಸಿನ ಮೇಲೆ, ಟೆಂಪೋದಲ್ಲಿ, ಬೈಕಿನ ಹಿಂದೆ ಕಟ್ಟಿಕೊಂಡು ಮೋಟರ್ ತರುತ್ತಾರೆ. ಅಲ್ಲಿ ಸುತ್ತಿಸಿದರೆ ಹತ್ತು ವರ್ಷ ಅಲುಗಾಡಿಸುವಂತಿಲ್ಲ ಅನ್ನುವ ಮಾತಿದೆ. ಮಾತು ನಿಜ. ಆದರೆ ಸುತ್ತುವವನು ಪರಮೇಶ ಅಲ್ಲ.

ನೀಲಾಂಬಿಕೆ ಶಾಂತಿಗ್ರಾಮದ ಹತ್ತಿರದವಳು. ಹುಟ್ಟಾ ಎಡಚಿ. ಅತ್ತೆ ನಂಜಮ್ಮ ಬದುಕಿದ್ದಷ್ಟು ದಿನ ಸೊಸೆ ಎಡಗೈಯಲ್ಲಿ ಬಡಿಸಿದರೆ ತಟ್ಟೆ ಬಿಟ್ಟು ಏಳುತ್ತಿದ್ದರಂತೆ. ಬಲಗೈಯಲ್ಲಿ ಬಡಿಸಲು ಹೋಗಿ ಆಕೆ ಸಾರು ಚೆಲ್ಲುತ್ತಿದ್ದಳು, ಅದಕ್ಕೂ ಬೈಸಿಕೊಳ್ಳುತ್ತಿದ್ದಳು. ಮದುವೆಯಾದ ಎರಡನೇ ವರ್ಷ ಪರಮೇಶನಿಗೆ ಚಿಕುನ್‌ಗುನ್ಯದಂಥ ಜ್ವರ ಬಂದು ಬೆರಳು ಮಡಿಸಲಾಗದೆ ಮಲಗಿದ. ಅಂಗಡಿಯಲ್ಲಿ ಐದು ಎಚ್‌ಪಿ ಮೋಟರೊಂದು ಅರ್ಧ ಬಿಚ್ಚಿ ಕೂತಿತ್ತು. ಒಂದು ವರ್ಷದಿಂದ ಊಟ ತಂದುಕೊಟ್ಟು ಸುಮ್ಮನೆ ನೋಡುತ್ತ ನಿಂತಿರುತ್ತಿದ್ದ ಆಕೆ, ಯಾರಿಗೂ ಹೇಳದೆ ಅದನ್ನು ಸುತ್ತಿ ಮುಗಿಸಿದಳು. ಜ್ವರ ಬಿಟ್ಟು ಬಂದು ನೋಡಿದ ಪರಮೇಶ ಆ ಸುರುಳಿಗಳ ಮೇಲೆ ಬೆರಳಾಡಿಸಿ, ಇಸ್ತ್ರಿ ಮಾಡಿದ ಬಟ್ಟೆ ಮಡಿಸಿಟ್ಟ ಹಾಗಿತ್ತು ಸಾ ಅಂದ. ಅವತ್ತಿನಿಂದ ಸುತ್ತುವ ಕೆಲಸ ಆಕೆಯದು. ಬೇರಿಂಗು, ನಟ್ಟು ಬೋಲ್ಟು, ಗಿರಾಕಿಗಳ ಜೊತೆ ಹರಟೆ, ಇವು ಅವನವು.

ಆಕೆ ಕೆಲಸ ಮಾಡುವುದನ್ನು ನೋಡಬೇಕು. ಮೊದಲು ಎಡಗೈಯ ಬಳೆಗಳನ್ನೆಲ್ಲ ಬಿಚ್ಚಿಡುತ್ತಾಳೆ, ತಂತಿಯ ಮೇಲಿನ ಬಣ್ಣದ ಪದರ ಗೀಚಬಾರದು ಅಂತ. ಹತ್ತು ಸುತ್ತಿಗೆ ಒಂದರಂತೆ ಹುಣಸೆಬೀಜ ಬಟ್ಟಲಿಗೆ ಹಾಕುತ್ತಾಳೆ. ಆಗ ಯಾರಾದರೂ ಮಾತಾಡಿಸಿದರೆ ತಲೆ ಎತ್ತುವುದಿಲ್ಲ. ಕೈಯೆತ್ತಿ ತಡೆಯುತ್ತಾಳೆ, ಅಷ್ಟೇ. ತಂತಿಯ ದಪ್ಪ ಎಷ್ಟೆಂದು ಬೆರಳ ನಡುವೆ ಹೊಸೆದು ಹೇಳಿಬಿಡುತ್ತಾಳೆ. ನಾನು ಮೈಕ್ರೋಮೀಟರ್ ಒಯ್ದು ಪರೀಕ್ಷೆ ಮಾಡಿದ್ದೇನೆ. ಏಳು ಸಲದಲ್ಲಿ ಏಳೂ ಸರಿ. ಆ ಏಳನೇ ಸಲ, ‘ಸಾಕಾ ಸಾ, ಇನ್ನೂ ಐತಾ?’ ಅಂದಳು.

ಆದರೆ ಈ ಕೆಲಸವೆಲ್ಲ ಒಳಕೋಣೆಯಲ್ಲಿ. ಶುರುವಿನಲ್ಲಿ ಒಬ್ಬ ರೈತ ಆಕೆ ಎಡಗೈಯಲ್ಲಿ ಸುತ್ತುವುದನ್ನು ಕಂಡು ಮೋಟರನ್ನು ಅರ್ಧಕ್ಕೇ ಎತ್ತಿಕೊಂಡು ಹೋದನಂತೆ. ಎಡಗೈಯಲ್ಲಿ ಸುತ್ತಿದ ಮೋಟರ್ ಎಡಕ್ಕೇ ತಿರುಗುತ್ತದೆ, ನೀರೆತ್ತುವುದಿಲ್ಲ ಅಂತ ಅವನ ವಾದ. ಅದು ಬಾಯಿಂದ ಬಾಯಿಗೆ ಹರಡಿ ಎರಡು ತಿಂಗಳು ಅಂಗಡಿಗೆ ಯಾರೂ ಕಾಲಿಡಲಿಲ್ಲ. ಮೂರು ಫೇಸಿನ ಮೋಟರ್ ಯಾವ ಕಡೆ ತಿರುಗಬೇಕು ಅನ್ನುವುದು ಎರಡು ವೈರು ಅದಲುಬದಲು ಮಾಡುವ ವಿಷಯ. ಸುತ್ತಿದವರ ಕೈಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಇದನ್ನು ಯಾರಿಗೆ ಹೇಳುವುದು? ಪರಮೇಶ ಆಕೆಯನ್ನು ಒಳಗೆ ಕೂರಿಸಿದ, ಕೇಳಿದವರಿಗೆಲ್ಲ ‘ನಾನೇ ಸುತ್ತೋದು’ ಅಂದ. ಇಪ್ಪತ್ತಾರು ವರ್ಷ ಹಾಗೇ ನಡೆಯಿತು. ಆ ರೈತನ ಕತೆಯನ್ನು ನಾನು ಎಷ್ಟು ಕಡೆ ಹೇಳಿ ನಕ್ಕಿದ್ದೇನೋ ಲೆಕ್ಕವಿಲ್ಲ. ನೋಡಿ, ನಮ್ಮ ಜನಕ್ಕೆ ವಿಜ್ಞಾನ ಅಂದರೆ ಇಷ್ಟೇ ಅನ್ನುತ್ತಿದ್ದೆ.

ಹೋದ ವರ್ಷ ಬೇಸಗೆಯಲ್ಲಿ ನನಗೂ ಪರಮೇಶನಿಗೂ ಹೊಸ ಹುಚ್ಚು ಹಿಡಿಯಿತು. ಪಶ್ಚಿಮದ ಆಕಾಶದಲ್ಲಿ ಒಂದು ಉಪಗ್ರಹ ನಿಂತಲ್ಲೇ ನಿಂತಿದೆ, ಅದರಲ್ಲಿ ನಮ್ಮಂಥ ಹವ್ಯಾಸಿಗಳ ಮಾತನ್ನು ಹಿಡಿದು ವಾಪಸ್ ಭೂಮಿಗೆ ಕಳಿಸುವ ಏರ್ಪಾಡಿದೆ. ಇಲ್ಲಿಂದ ಮಾತಾಡಿದರೆ ಆಫ್ರಿಕದಲ್ಲಿ ಕೇಳುತ್ತದೆ. ನಮ್ಮ ಮಾತು ನಮಗೇ ಕಾಲು ಸೆಕೆಂಡು ತಡವಾಗಿ ಕೇಳುತ್ತದೆ. ಹಾಸನದ ನನ್ನ ಮನೆಗೆ ಪಶ್ಚಿಮಕ್ಕೆ ಯಾರೋ ನಾಲ್ಕು ಅಂತಸ್ತು ಎಬ್ಬಿಸಿ ಆಕಾಶವನ್ನೇ ಮುಚ್ಚಿದ್ದರಿಂದ ಪರಮೇಶನ ಅಂಗಡಿಯ ತಾರಸಿಯೇ ಗತಿಯಾಯಿತು. ಚನ್ನರಾಯಪಟ್ಟಣದ ಕೇಬಲ್ ರಾಮಣ್ಣ ಹಳೆಯ ಡಿಶ್ ಎರಡು ಕೊಟ್ಟ. ಚಿಕ್ಕದು ಕೇಳುವುದಕ್ಕೆ, ದೊಡ್ಡದು ಕಳಿಸುವುದಕ್ಕೆ.

ಕಳಿಸುವ ಡಿಶ್ಶಿನ ಮುಂದೆ ಒಂದು ಆಂಟೆನಾ ಬೇಕು. ಬೇರೆ ಬೇರೆ ಜಾತಿಯವಿವೆ, ನಾನು ಆರಿಸಿದ್ದು ಹೆಲಿಕಲ್, ಅಂದರೆ ಸುರುಳಿ ಆಂಟೆನಾ. ಕಾರಣ ಇಷ್ಟೇ: ಆ ಉಪಗ್ರಹಕ್ಕೆ ಹೋಗುವ ಅಲೆ ನೆಟ್ಟಗೆ ಹೋದರೆ ಸಾಲದು, ಬೋಲ್ಟಿನ ಮೈಮೇಲಿನ ತಿರುಪುಗೆರೆಯ ಹಾಗೆ ತಿರುಗುತ್ತ ಹೋಗಬೇಕು, ಅದೂ ಬಲಕ್ಕೆ. ಸುರುಳಿ ಎತ್ತ ಸುತ್ತಿದೆಯೋ ಅಲೆ ಅತ್ತ ತಿರುಗುತ್ತದೆ. ಎದುರಿನವನು ಬಲಸುತ್ತು ಬಯಸಿ ಕೂತಾಗ ಎಡಸುತ್ತು ಕಳಿಸಿದರೆ ನೂರರಲ್ಲಿ ಒಂದು ಪಾಲೂ ತಲುಪುವುದಿಲ್ಲ. ಡಿಶ್ ಇಲ್ಲದೆ ಸುರುಳಿಯನ್ನೇ ಆಕಾಶಕ್ಕೆ ತೋರಿಸುವುದಾದರೆ ಹದಿನೈದಿಪ್ಪತ್ತು ಸುತ್ತು ಬೇಕು. ಡಿಶ್ಶಿನ ಮುಂದೆ ಇಡಲು ನಾಲ್ಕೇ ಸುತ್ತು ಸಾಕು. ಹೆಚ್ಚಾದರೆ ಅದರ ನೋಟ ಕಿರಿದಾಗಿ ಡಿಶ್ಶಿನ ಅಂಚು ವ್ಯರ್ಥವಾಗುತ್ತದೆ. ಒಂದೊಂದು ಸುತ್ತಿನ ಉದ್ದ ಅಲೆಯ ಉದ್ದದಷ್ಟು, ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಸುತ್ತಿಗೂ ಸುತ್ತಿಗೂ ನಡುವೆ ಮೂರು ಸೆಂಟಿಮೀಟರ್ ಅಂತರ. ನಾನು ಕಾಗದದ ಮೇಲೆ ಬರೆದುಕೊಟ್ಟೆ. ಆದರೆ ಎತ್ತ ಸುತ್ತಬೇಕು ಅನ್ನುವುದನ್ನು ಬರೆಯಲಿಲ್ಲ. ಅದನ್ನೂ ಬರೆಯಬೇಕೇನು ಅಂದುಕೊಂಡೆ.

ನೀಲಾಂಬಿಕೆ ನಲವತ್ತು ಮಿಲಿಮೀಟರ್ ಪೈಪಿನ ತುಂಡೊಂದನ್ನು ಅಚ್ಚು ಮಾಡಿಕೊಂಡು ಮೂರು ಮಿಲಿಮೀಟರ್ ತಾಮ್ರದ ಕಂಬಿಯನ್ನು ಸುತ್ತಿ, ಅಲ್ಯುಮಿನಿಯಂ ತಟ್ಟೆಯೊಂದರ ಮೇಲೆ ನಿಲ್ಲಿಸಿ, ಶನಿವಾರ ಅಂಗಡಿಗೆ ತಂದಿಟ್ಟಳು. ಒಂದು ಕೂದಲೆಳೆ ಆಚೀಚೆ ಇರಲಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದ್ದಳು ಬೇರೆ. ಇಪ್ಪತ್ತಾರು ವರ್ಷದಲ್ಲಿ ತಾನು ಸುತ್ತಿದ್ದನ್ನು ತಾನೇ ಮುಂದಿನ ಅಂಗಡಿಗೆ ತಂದು ನಾಲ್ಕು ಜನರ ಮುಂದೆ ಇಟ್ಟದ್ದು ಅದೇ ಮೊದಲು. ಮೋಟರ್ ಅಲ್ಲವಲ್ಲ, ರೈತರಿಗೆ ಸಂಬಂಧವಿಲ್ಲ ಅಂತ ಧೈರ್ಯ ಮಾಡಿದ್ದಳೇನೋ. ಆ ಹೊತ್ತಿನಲ್ಲಿ ಮೂರು ಜನ ಗಿರಾಕಿಗಳು ಬೆಂಚಿನ ಮೇಲೆ ಕೂತಿದ್ದರು.

ನಾನು ಡಬ್ಬಿಯಿಂದ ಬೋಲ್ಟೊಂದನ್ನು ತೆಗೆದು ಪಕ್ಕದಲ್ಲಿ ಹಿಡಿದು ನೋಡಿದೆ. ಬೋಲ್ಟಿನ ತಿರುಪುಗೆರೆ ಒಂದು ಕಡೆ, ಸುರುಳಿ ಇನ್ನೊಂದು ಕಡೆ.

‘ಇದು ಎಡಸುತ್ತು ಕಣಮ್ಮ. ಉಲ್ಟಾ ಆಗಿದೆ’ ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಿಲ್ಲಿಸಲಿಲ್ಲ. ‘ನಿನ್ನ ಕೈಬುದ್ಧಿ ಇಲ್ಲೂ ಬಿಡಲಿಲ್ಲ ನೋಡು. ಇದು ನೀರೆತ್ತೋದಲ್ಲ, ಆಕಾಶಕ್ಕೆ ಮಾತು ಕಳಿಸೋದು. ಪರಮೇಶ, ನೀನೇ ಒಂದು ಬಲಗೈಯಲ್ಲಿ ಸುತ್ತಿಬಿಡಪ್ಪ.’

ಬೆಂಚಿನ ಮೇಲಿದ್ದವನೊಬ್ಬ ನಕ್ಕ. ಆಕೆ ಸುರುಳಿಯನ್ನು ಮೇಜಿನ ಮೇಲೆ ಬಿಟ್ಟು ಒಳಗೆ ಹೋಗಿ ಬಳೆ ಹಾಕಿಕೊಂಡಳು. ಬಳೆಯ ಸದ್ದು ನನಗೆ ಕೇಳಿಸಿತು, ಅರ್ಥ ಮಾತ್ರ ಆಗಲಿಲ್ಲ.

ಬುಧವಾರ ಪರಮೇಶ ಫೋನ್ ಮಾಡಿದ. ‘ಸಾ, ಇವ್ಳು ಸುತ್ತಾಕಿಲ್ಲ ಅಂತವ್ಳೆ.’

‘ಏನು, ಆಂಟೆನಾನ?’

‘ಮೋಟ್ರುನೂವೆ. ಏನೂ ಮುಟ್ಟಾಕಿಲ್ವಂತೆ. ಏಳು ಮೋಟ್ರು ಬಂದು ಬಿದ್ದವೆ. ನನ್ ಕೈಲಿ ದಿನಕ್ಕೊಂದೂ ಆಗಾಕಿಲ್ಲ ಸಾ, ಮರ್ತೋಗೈತೆ.’

ಎರಡು ದಿನದ ಮುನಿಸು, ಸರಿಹೋಗುತ್ತದೆ ಬಿಡು ಅಂದೆ. ಬುದ್ಧಿವಂತನಲ್ಲವೇ ನಾನು. ಆ ಕೈಗೆ ಈ ಭೂಮಿಯ ಮೇಲೆ ಒಂದೇ ಒಂದು ಜಾಗ ಸಿಕ್ಕಿತ್ತು, ಅಲ್ಲಿಗೂ ಹೋಗಿ ಬಾಗಿಲು ಹಾಕಿ ಬಂದಿದ್ದೇನೆ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಆ ಭಾನುವಾರ ಪರಮೇಶ ಸುತ್ತಿದ ಬಲಸುತ್ತಿನ ಸುರುಳಿಯನ್ನು ಡಿಶ್ಶಿಗೆ ಕಟ್ಟಿದೆವು. ಒಂದು ಸುತ್ತಿನ ಹಾಗೆ ಇನ್ನೊಂದಿರಲಿಲ್ಲ, ಆದರೂ ಲೆಕ್ಕದ ಮಟ್ಟಿಗೆ ಸರಿಯಿತ್ತು. ಚಿಕ್ಕ ಡಿಶ್ಶಿನಲ್ಲಿ ಬೇರೆಯವರ ಮಾತು ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. ನಮ್ಮ ಮಾತು ಮಾತ್ರ ವಾಪಸ್ ಬರಲಿಲ್ಲ. ಕಿವಿ ಕೊಟ್ಟು ಹುಡುಕಿದರೆ ತಳದಲ್ಲೆಲ್ಲೋ ಸೊಳ್ಳೆಯ ಹಾಗೆ ಏನೋ ಗುಂಯ್ ಅನ್ನುತ್ತಿತ್ತು. ಕೇಬಲ್ ಬದಲಾಯಿಸಿದೆ. ಕನೆಕ್ಟರ್ ಬದಲಾಯಿಸಿದೆ. ಡಿಶ್ಶನ್ನು ಒಂದೊಂದು ಕೂದಲು ಆಚೆ ಈಚೆ ಅಲುಗಿಸಿದೆ. ರಾಮಣ್ಣನ ಡಿಶ್ ಸರಿಯಿಲ್ಲ ಅಂದೆ, ಪರಮೇಶನ ಬೆಸುಗೆ ಸರಿಯಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮುಂದಿನ ಭಾನುವಾರವೂ ಅದೇ ಹಾಡು.

ಮೂರನೇ ಭಾನುವಾರ ಬೆಳಿಗ್ಗೆ ಹನ್ನೊಂದರ ಬಿಸಿಲಲ್ಲಿ ನೀಲಾಂಬಿಕೆ ತಾರಸಿಗೆ ಮಜ್ಜಿಗೆ ತಂದಳು. ಮೂರು ವಾರದಿಂದ ನನ್ನ ಜೊತೆ ಆಕೆಯ ಮಾತು ‘ಬನ್ನಿ ಸಾ’, ‘ತಗಳಿ ಸಾ’ ಇಷ್ಟರಲ್ಲೇ ಮುಗಿಯುತ್ತಿತ್ತು. ಅವತ್ತು ಲೋಟ ಕೊಟ್ಟವಳು ಹೋಗಲಿಲ್ಲ. ಡಿಶ್ಶನ್ನೂ ಅದರ ಮುಂದಿನ ಸುರುಳಿಯನ್ನೂ ನೋಡುತ್ತ ನಿಂತಳು.

‘ಈ ಸುರುಳಿ ಯಾಕೆ ಆಕಾಸಕ್ಕೆ ಬೆನ್ ಮಾಡ್ಕಂಡೈತೆ ಸಾ?’

‘ಡಿಶ್ ಕಡೆಗೆ ಮುಖ ಇರಬೇಕಮ್ಮ. ಅಲೆ ಡಿಶ್ಶಿಗೆ ಬಡಿದು, ಅಲ್ಲಿಂದ ತಿರುಗಿ ಆಕಾಶಕ್ಕೆ ಹೋಗುತ್ತೆ’ ಅಂದೆ. ಸೆಖೆಗೆ ತಲೆ ಕೆಟ್ಟಿತ್ತು, ಸ್ವಲ್ಪ ಗದರಿಯೇ ಅಂದೆ.

‘ಅಂಗಾರೆ ಡಿಶ್ಶು ಕನ್ನಡಿ ಇದ್ದಂಗಲ್ವಾ?’

‘ಹೌದಮ್ಮ, ಕನ್ನಡಿ ಇದ್ದ ಹಾಗೇ.’

ಆಕೆ ಡಿಶ್ಶಿನ ಅಂಚಿಗೆ ಬೆರಳು ತಾಕಿಸಿದಳು. ‘ನಾ ಚಿಕ್ಕೋಳಿದ್ದಾಗ ಎಡಗೈಲಿ ಉಂಡ್ರೆ ಅವ್ವ ಒಡೀತಿದ್ಲು ಸಾ. ಒಡ್ಸ್ಕಂಡು ತಟ್ಟೆ ತಗಂಡೋಗಿ ಬೀರು ಕನ್ನಡಿ ಮುಂದೆ ಕುಂತ್ಕಂಡು ಉಣ್ತಿದ್ದೆ. ಕನ್ನಡೀಲಿರೋಳು ಬಲಗೈಲಿ ಉಣ್ತಿದ್ಲು. ಅವ್ಳಿಗೆ ಯಾರೂ ಬಯ್ತಿರ್ನಿಲ್ಲ.’ ಖಾಲಿ ಲೋಟ ಎತ್ತಿಕೊಂಡಳು. ‘ಬಲದ್ದು ಬೇಕು ಅಂದ್ರೆ ಕನ್ನಡಿ ಮುಂದೆ ಎಡದ್ದಿಡ್ಬೇಕಲ್ವಾ ಸಾ? ನಂಗೇನ್ ಗೊತ್ತು, ಕೇಳ್ದೆ ಅಷ್ಟೇಯ.’ ಮೆಟ್ಟಿಲಿಳಿದು ಹೋದಳು.

ನಾನು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ ಅಂತ ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದವನು. ಡಿಶ್ಶಿಗೆ ಬಡಿದ ಅಲೆಯ ಸುತ್ತು ಮಗುಚಿಕೊಳ್ಳುತ್ತದೆ, ಅದಕ್ಕೇ ಡಿಶ್ಶಿನ ಮುಂದೆ ಎಡಸುತ್ತಿನ ಸುರುಳಿಯನ್ನೇ ಇಡಬೇಕು. ಪುಸ್ತಕದಲ್ಲೂ ಇದೆ, ನಾನೇ ಎಂದೋ ಓದಿ ಅಡಿಗೆರೆಯನ್ನೂ ಎಳೆದಿದ್ದೆ. ಆಕೆ ಮೊದಲ ದಿನ ತಂದಿಟ್ಟದ್ದು ಸರಿಯಾಗಿತ್ತು. ಉಲ್ಟಾ ಇದ್ದವನು ನಾನು. ಎಡಗೈ ಸುತ್ತಿದ ಮೋಟರ್ ನೀರೆತ್ತುವುದಿಲ್ಲ ಅಂದ ಆ ರೈತನಿಗೂ ನನಗೂ ಏನು ವ್ಯತ್ಯಾಸ? ಅವನು ಓದಿರಲಿಲ್ಲ, ಅಷ್ಟೇ. ಹೇಳುವುದಕ್ಕೇನು, ಕಣ್ಣಲ್ಲಿ ನೀರು ಬಂತು. ಬಿಸಿಲು ಅಂತ ಪರಮೇಶನಿಗೆ ಹೇಳಿದೆ.

ಆಕೆಯ ಸುರುಳಿ ಎಲ್ಲಿ ಅಂದರೆ ಗುಜರಿ ತಾಮ್ರದ ಚೀಲದಲ್ಲಿತ್ತು. ಮೇಲೆ ಭಾರ ಬಿದ್ದು ಸೊಟ್ಟಗಾಗಿತ್ತು. ಅದನ್ನು ಮತ್ತೆ ನೆಟ್ಟಗೆ ಮಾಡುವ ಕೈ ಒಂದೇ. ನಾನು ಅದನ್ನು ಹಿಡಿದು ಒಳಕೋಣೆಯ ಬಾಗಿಲಲ್ಲಿ ನಿಂತೆ.

‘ತಪ್ಪು ನಂದಮ್ಮ. ನಿಂದೇ ಸರಿ ಇತ್ತು.’

ಆಕೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ‘ಬುಡಿ ಸಾ. ಒಳೀಕೆ ಬಂದು ತಪ್ಪಾಯ್ತು ಅಂದ್ರೆ ಏನ್ ಬಂತು? ಅವತ್ತು ನೀವಂದಿದ್ದು ಈಚೆ, ಜನದ್ ಮುಂದೆ.’

ಆಕೆಯೇ ಕೈ ಚಾಚಿ ಸುರುಳಿಯನ್ನು ಇಸಿದುಕೊಂಡಳು. ‘ತಾಮ್ರ ಏನ್ ಪಾಪ ಮಾಡ್ತು’ ಅಂತ ಬಳೆ ಬಿಚ್ಚಿ, ಅಚ್ಚಿಗೆ ಹಾಕಿ, ಹತ್ತು ನಿಮಿಷದಲ್ಲಿ ಮೊದಲಿನಂತೆ ಮಾಡಿಕೊಟ್ಟಳು. ಕೊಟ್ಟ ಮೇಲೆ ಬಳೆ ಮತ್ತೆ ಹಾಕಿಕೊಂಡಳು. ‘ಮೋಟ್ರು ಮಾತ್ರ ನಾ ಮುಟ್ಟಾಕಿಲ್ಲ ಸಾ, ಅವ್ರಿಗೂ ಹೇಳ್ಬುಡಿ. ಎಷ್ಟು ವರ್ಸ ಅಂತ ಕದ್ದು ಸುತ್ತಾದು.’ ಪರಮೇಶ ನನ್ನ ಹಿಂದೆಯೇ ನಿಂತಿದ್ದ. ಹೇಳುವ ಅಗತ್ಯವಿರಲಿಲ್ಲ.

ಸುರುಳಿ ಕಟ್ಟಿ ಕೆಳಗಿಳಿದಾಗ ಅಂಗಡಿಯಲ್ಲಿ ಕೊಣನೂರಿನ ಕೆಂಪಣ್ಣ ಕೂತಿದ್ದ. ಅರವತ್ತರ ಮೇಲಿನ ವಯಸ್ಸು, ಕಾವೇರಿ ಪಕ್ಕದಲ್ಲಿ ಜಮೀನು. ಸುಟ್ಟ ಮೋಟರನ್ನು ಗೋಣಿಚೀಲದ ಮೇಲೆ ಇಟ್ಟುಕೊಂಡಿದ್ದ. ಪರಮೇಶ ಅವನಿಗೆ ಕೂರಲು ಹೇಳಿ ಮೇಜಿನ ಮೇಲಿದ್ದ ರೇಡಿಯೊದ ಮೈಕು ಹಿಡಿದ. ನಾನು ಸ್ಪೀಕರಿನ ಸದ್ದು ಏರಿಸಿದೆ. ಪರಮೇಶ ತನ್ನ ಕರೆಸಂಕೇತ, ಅಂದರೆ ಲೈಸೆನ್ಸಿನ ಜೊತೆ ಸಿಕ್ಕ ಗುರುತಿನ ಅಕ್ಷರಗಳನ್ನು ಹೇಳಿ ಗುಂಡಿ ಬಿಡುವ ಮೊದಲೇ ಅದೇ ಸಂಕೇತ, ಅದೇ ಹೊಳೆನರಸೀಪುರದ ಧ್ವನಿ, ಕಾಲು ಸೆಕೆಂಡು ತಡವಾಗಿ ಸ್ಪೀಕರಿನಲ್ಲಿ ಬಂತು. ಇಲ್ಲೇ ಪಕ್ಕದಲ್ಲಿ ನಿಂತು ಯಾರೋ ಅಣಕಿಸಿದಷ್ಟು ಸ್ಪಷ್ಟ.

ಒಂದು ನಿಮಿಷದೊಳಗೆ ಕೀನ್ಯಾದಿಂದ ಒಬ್ಬ ಉತ್ತರ ಕೊಟ್ಟ. ನಮ್ಮವರಲ್ಲಿ ಒಂದು ಪದ್ಧತಿಯಿದೆ. ಹೆಸರು, ಊರು ಆದ ಮೇಲೆ ಆಂಟೆನಾ ಯಾವುದು ಅಂತ ಕೇಳಬೇಕು. ಮನೆಯಲ್ಲೇ ಮಾಡಿದ್ದಾದರೆ ಮಾಡಿದ್ದು ಯಾರು, ಹೇಗೆ ಅಂತ ವಿಚಾರಿಸಬೇಕು. ಆತ ಕೇಳಿದ. ಸಿಗ್ನಲ್ ತುಂಬ ಚೆನ್ನಾಗಿದೆ, ಆ ಸುರುಳಿ ಸುತ್ತಿದವರು ಯಾರು ಅಂದ.

ಪರಮೇಶ ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಇಪ್ಪತ್ತಾರು ವರ್ಷದಿಂದ ಈ ಪ್ರಶ್ನೆಗೆ ಅವನ ಬಾಯಿಗೆ ರೂಢಿಯಾಗಿದ್ದ ಉತ್ತರ ಒಂದೇ. ಕೆಂಪಣ್ಣನ ಕಡೆ ಒಮ್ಮೆ ನೋಡಿದ. ಆಮೇಲೆ ಗುಂಡಿ ಒತ್ತಿದ.

‘ಮೈ ವೈಫ್’ ಅಂದ ತನ್ನ ಇಂಗ್ಲಿಷಿನಲ್ಲಿ. ‘ನೇಮ್ ನೀಲಾಂಬಿಕೆ. ಲೆಫ್ಟ್ ಹ್ಯಾಂಡ್. ಆಲ್ ವೈಂಡಿಂಗ್ ಇನ್ ದಿಸ್ ಶಾಪ್, ಶೀ ಓನ್ಲಿ ಡೂಯಿಂಗ್. ನಾಟ್ ಮೀ.’ ಕಾಲು ಸೆಕೆಂಡು ತಡವಾಗಿ ಸ್ಪೀಕರೂ ‘ನಾಟ್ ಮೀ’ ಅಂದಿತು. ಆ ಮನುಷ್ಯ ಅಲ್ಲಿಂದ ನೀಲಾಂಬಿಕೆಯ ಹೆಸರನ್ನು ಎರಡು ಸಲ ತಪ್ಪಾಗಿ, ಮೂರನೇ ಸಲ ಸರಿಯಾಗಿ ಹೇಳಿ, ಆಕೆಗೆ ತನ್ನ ನಮಸ್ಕಾರ ತಿಳಿಸು ಅಂದ.

ಒಳಗೆ ಹುಣಸೆಬೀಜ ಬೀಳುವ ಸದ್ದು ನಿಂತಿತ್ತು.

‘ಏನಂದೆ ಪರ್ಮೇಸಣ್ಣ?’ ಕೆಂಪಣ್ಣ ಕೇಳಿದ. ‘ನೀಲಕ್ಕನ ಎಸ್ರೇಳ್ದಂಗಾಯ್ತು.’

‘ಇಲ್ಲಿ ಸುತ್ತೋದೆಲ್ಲ ಅವ್ಳೇ ಅಂದೆ. ಎಡಗೈಲಿ.’

‘ನಮ್ದೂನೂವಾ?’

‘ನಿಮ್ದೂ. ಎಲ್ರುದೂ. ನಾ ಬರೀ ಮಾತಾಡ್ತಿದ್ದೆ ಕಣ್ ಕೆಂಪಣ್ಣ.’

ನಾನೂ ಬಾಯಿ ತೆರೆದೆ. ‘ನಾನು ಅವತ್ತು ಇದೇ ಬೆಂಚಿನ ಮುಂದೆ ನಿಂತು ಆಯಮ್ಮ ಸುತ್ತಿದ್ದು ತಪ್ಪು ಅಂದೆ. ತಪ್ಪಾಗಿದ್ದು ನನ್ನ ಬುದ್ಧಿ’ ಅಂದೆ, ಒಳಕ್ಕೆ ಕೇಳಿಸಲಿ ಅಂತ ಪಾಠ ಮಾಡುವ ದನಿಯಲ್ಲಿ.

ಕೆಂಪಣ್ಣ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ತನ್ನ ಮೋಟರನ್ನು ನೋಡುತ್ತ ಏನೋ ಯೋಚಿಸುತ್ತಿದ್ದ. ಎತ್ತಿಕೊಂಡು ಹೋಗಿಬಿಡುತ್ತಾನೆ ಅಂದುಕೊಂಡೆ. ಪರಮೇಶನ ಮುಖ ನೋಡಿದರೆ ಅವನೂ ಅದನ್ನೇ ಕಾಯುತ್ತಿದ್ದ.

‘ಇದು ಇಲ್ಲಿ ಸುತ್ತಿ ಹದ್ನಾರು ವರ್ಸ ಆಯ್ತು’ ಅಂದ ಕೆಂಪಣ್ಣ, ಯಾರಿಗೆಂದು ಇಲ್ಲದೆ. ‘ಮೊನ್ನೆ ಸಿಡ್ಲು ಒಡ್ದು ಸುಟ್ಟೋಯ್ತು. ಅಲ್ಲಿಗಂಟ ಒಂದ್ ದಿನ ನಿಂತಿಲ್ಲ.’

ಎದ್ದು, ಗೋಣಿಚೀಲದ ಸಮೇತ ಮೋಟರನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ರಸ್ತೆಯ ಕಡೆ ತಿರುಗಲಿಲ್ಲ. ಪರಮೇಶನನ್ನು ದಾಟಿ, ನನ್ನನ್ನು ದಾಟಿ, ಒಳಕೋಣೆಯ ಬಾಗಿಲಿಗೆ ಹೋಗಿ ನಿಂತ.

‘ನೀಲಕ್ಕ, ಮೋಟ್ರು ಒಳೀಕೆ ತರ್ಲಾ, ಇಲ್ಲೇ ಇಡ್ಲಾ?’

ಕೆಂಪಣ್ಣ ಭಾರ ಹೊತ್ತುಕೊಂಡೇ ಕಾದ.

‘ಈಚೇಲೇ ಇಡಿ ಕೆಂಪಣ್ಣ’ ಅಂದಳು ನೀಲಾಂಬಿಕೆ. ‘ಅಲ್ಲಿ ಬೆಳಕು ಚೆನ್ನಾಗೈತೆ. ನಾನೇ ಬತ್ತೀನಿ.’